ಹಡೆಯದ ಮಕ್ಕಳಿಗಾಗಿ ಬೇಡುವ ಕ್ರಮ: ಮರಿಯಮ್ಮನ ಜೊತೆಯಲ್ಲಿ ಆಧ್ಯಾತ್ಮಿಕ ತಾಯ್ತನ

ತನ್ನ ಹೊಟ್ಟೆಯಲ್ಲಿ ಹುಟ್ಟದ ಒಬ್ಬರನ್ನು ಮಗನೆಂದೋ ಮಗಳೆಂದೋ ಮನಸ್ಸಿನಲ್ಲಿ ಒಪ್ಪಿಕೊಂಡು, ಅವರ ಆತ್ಮದ ಒಳಿತಿಗಾಗಿ ದಿನವೂ ದೇವರ ಮುಂದೆ ನಿಂತು ಬೇಡುವುದನ್ನು ಕಥೋಲಿಕ ಧರ್ಮಸಭೆಯಲ್ಲಿ ಆಧ್ಯಾತ್ಮಿಕ ತಾಯ್ತನ ಎನ್ನುತ್ತಾರೆ. ಇದಕ್ಕೆ ಮದುವೆಯಾಗಿರಬೇಕೆಂದಿಲ್ಲ, ಹಡೆದಿರಬೇಕೆಂದಿಲ್ಲ, ಓದುಬರಹ ಬರಲೇಬೇಕೆಂದೂ ಇಲ್ಲ. ಕಾನ್ವೆಂಟಿನ ಸಿಸ್ಟರುಗಳು, ಗಂಡನನ್ನು ಕಳೆದುಕೊಂಡವರು, ಮಕ್ಕಳಾಗದ ನೋವನ್ನು ನುಂಗಿಕೊಂಡವರು, ಹಾಸಿಗೆ ಹಿಡಿದ ಅಜ್ಜಿಯರು, ಸ್ವಂತ ಮಕ್ಕಳಿದ್ದೂ ಇನ್ನೊಬ್ಬರ ಮಗುವಿನ ಹೊಣೆ ಹೊರಲು ಮನಸ್ಸಿರುವವರು, ಎಲ್ಲರೂ ಇದನ್ನು ಮಾಡಬಹುದು. ಗಂಡಸರು ಇದೇ ಹೊಣೆಯನ್ನು ತಂದೆತನವೆಂದು ಹೊರುತ್ತಾರೆ. ಕೆಳಗೆ ಹೇಳಿರುವ ಕ್ರಮ ಅವರಿಗೂ ಬಹುಪಾಲು ಹೊಂದುತ್ತದೆ.

1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಕ್ಷೇತ್ರದ ಪ್ರಧಾನಾಲಯವೇ (ಧರ್ಮಾಧ್ಯಕ್ಷರ ಮುಖ್ಯ ಚರ್ಚು) ಫಾತಿಮಾ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನ, ಹೆಸರಿನಲ್ಲಿದೆ. ಆದ್ದರಿಂದ ಮರಿಯಮ್ಮನ ಮುಂದೆ ಮೇಣದ ಬತ್ತಿ ಹಚ್ಚಿ ಬೇಡಿಕೊಳ್ಳುವುದನ್ನು ನಮ್ಮ ಕಡೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕನ್ನಡದಲ್ಲಾಗಲಿ, ಕೊಂಕಣಿಯಲ್ಲಾಗಲಿ, ಮರಾಠಿಯಲ್ಲಾಗಲಿ ಜಪಸರ (ಮಣಿ ಎಣಿಸುತ್ತಾ ಹೇಳುವ ಮರಿಯಮ್ಮನ ಪ್ರಾರ್ಥನೆ) ಹೇಳಿ ಮಲಗುವ ಮನೆಗಳು ಇಲ್ಲಿ ಇನ್ನೂ ಇವೆ. ಕಲಿಯಬೇಕಾಗಿರುವುದು ಬೇಡುವ ರೀತಿಯನ್ನು, ಏಕೆಂದರೆ ನಾವು ಸಾಮಾನ್ಯವಾಗಿ ಬೇಡುವುದು ಕೊರತೆಯನ್ನಲ್ಲ, ನಾವೇ ಮೊದಲು ತೀರ್ಮಾನಿಸಿಟ್ಟುಕೊಂಡ ಪರಿಹಾರವನ್ನು.

ಮೊದಲು ಬುನಾದಿ

ಸಂತ ಯೊವಾನ್ನರ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಲುಬೆಯ ಮೇಲಿನಿಂದ ತಮ್ಮ ತಾಯಿಗೆ ಶಿಷ್ಯನನ್ನು ತೋರಿಸಿ "ಇಗೋ, ನಿನ್ನ ಮಗ" ಎಂದರು; ಶಿಷ್ಯನಿಗೆ "ಇಗೋ, ನಿನ್ನ ತಾಯಿ" ಎಂದರು. ಆ ಶಿಷ್ಯ ಮರಿಯಮ್ಮನಿಗೆ ಹುಟ್ಟಿದವನಲ್ಲ. ತನ್ನ ಸ್ವಂತ ಮಗನನ್ನು ಕಳೆದುಕೊಳ್ಳುತ್ತಿರುವ ಗಳಿಗೆಯಲ್ಲೇ ಆಕೆಗೆ ಇನ್ನೊಬ್ಬನ ಹೊಣೆ ಬಂದಿತು. ಧರ್ಮಸಭೆ ಆ ಶಿಷ್ಯನಲ್ಲಿ ವಿಶ್ವಾಸಿಗಳೆಲ್ಲರನ್ನೂ ಕಾಣುತ್ತದೆ. ಲೋಕದ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲದಲ್ಲಿ, 1964ರ ನವೆಂಬರ್ 21ರಂದು, ಆರನೆಯ ಪೌಲ್ ಜಗದ್ಗುರುಗಳು (ಪೋಪ್) ಆಕೆಯನ್ನು ಧರ್ಮಸಭೆಯ ಮಾತೆ ಎಂದು ಘೋಷಿಸಿದರು. 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಅದೇ ಹೆಸರಿನ ಸ್ಮರಣೆಯನ್ನು ಪಂಚಾಶತ್ತಮ (ಪೆಂತೆಕೋಸ್ತ್) ಹಬ್ಬದ ಮರುದಿನ ಸೋಮವಾರಕ್ಕೆ ಇಟ್ಟರು.

ಇಲ್ಲಿ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಳ್ಳಬೇಕು. ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥ ಒಬ್ಬನೇ, ಆತನೇ ಯೇಸುಕ್ರಿಸ್ತ ಎಂದು ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಎರಡನೆಯ ಅಧ್ಯಾಯ ಹೇಳುತ್ತದೆ, ಮತ್ತು ಮರಿಯಮ್ಮನ ತಾಯ್ತನದ ನೆರವು ಆ ಒಂದೇ ಮಧ್ಯಸ್ಥಿಕೆಗೆ ಏನನ್ನೂ ಕೂಡಿಸುವುದಿಲ್ಲ, ಅದರಿಂದ ಏನನ್ನೂ ಕಳೆಯುವುದೂ ಇಲ್ಲ ಎಂದು ಮಹಾಸಭೆ ಸ್ಪಷ್ಟಪಡಿಸಿದೆ. 2025ರ ನವೆಂಬರಿನಲ್ಲಿ ವ್ಯಾಟಿಕನ್ನಿನ ಧರ್ಮಬೋಧನಾ ವಿಭಾಗ ಹೊರಡಿಸಿದ ಟಿಪ್ಪಣಿ ಕೂಡ, ಆಕೆಯನ್ನು ಸಹ-ವಿಮೋಚಕಿ (ಯೇಸುವಿನ ಜೊತೆ ತಾನೂ ವಿಮೋಚನೆ ಕೊಡುವವಳು) ಎಂದು ಕರೆಯುವುದು ತಕ್ಕದ್ದಲ್ಲ ಎಂದು ತಿಳಿಸಿ, ವಿಶ್ವಾಸಿಗಳ ತಾಯಿ ಎಂಬ ಹೆಸರನ್ನು ಎತ್ತಿ ಹಿಡಿದಿದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವ ನೆರೆಮನೆಯವರು "ನಿಮ್ಮ ಮರಿಯಮ್ಮನೂ ದೇವಿನೇ ಏನ್ರೀ?" ಎಂದು ಕೇಳಿದರೆ ಮುಖ ಸಿಂಡರಿಸಬೇಕಾಗಿಲ್ಲ, ಆಕೆ ದೇವರಲ್ಲ, ದೇವರ ಮುಂದೆ ನಮ್ಮ ಜೊತೆ ನಿಂತು ಬೇಡುವ ತಾಯಿ ಎಂದು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಹೇಳುವ ನಮಗೂ ಅದು ನೆನಪಿದ್ದರೆ ಇನ್ನೂ ಒಳ್ಳೆಯದು.

ಯಾರಿಗಾಗಿ

ಒಬ್ಬರನ್ನೇ ಆರಿಸಿಕೊಳ್ಳಿ. ಊರಿನ ಯುವಕರೆಲ್ಲರಿಗಾಗಿ, ಲೋಕದ ಗುರುಗಳೆಲ್ಲರಿಗಾಗಿ (ಪಾದ್ರಿಗಳಿಗಾಗಿ) ಎಂದು ಸಂಕಲ್ಪ ಮಾಡಿದರೆ ಎರಡನೆಯ ವಾರಕ್ಕೆ ಯಾರ ಮುಖವೂ ಕಣ್ಣ ಮುಂದೆ ನಿಲ್ಲುವುದಿಲ್ಲ. ಜ್ಞಾನಸ್ನಾನದಲ್ಲಿ, ಅಂದರೆ ಧರ್ಮಸಭೆಗೆ ಸೇರಿಸುವ ಸಂಸ್ಕಾರದಲ್ಲಿ, ನೀವು ಯಾವುದಾದರೂ ಮಗುವಿಗೆ ಜ್ಞಾನತಾಯಿಯಾಗಿ ನಿಂತಿದ್ದರೆ ಬೇರೆ ಹುಡುಕಾಟವೇ ಬೇಡ. ಆ ಮಗುವಿನ ವಿಶ್ವಾಸದ ಹೊಣೆಯನ್ನು ನೀವು ಆಗಲೇ ಎಲ್ಲರೆದುರು ಒಪ್ಪಿಕೊಂಡಿದ್ದೀರಿ, ಬೆಳ್ಳಿಯ ಲೋಟ ಕೊಟ್ಟು ಊಟ ಮಾಡಿ ಬಂದ ಮೇಲೂ ಅದು ಮುಗಿದಿಲ್ಲ. ಜ್ಞಾನತಾಯಿಯಾಗುವವರಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣ ಸಂಸ್ಕಾರವಾಗಿರಬೇಕು ಎಂದು ಧರ್ಮಸಭೆಯ ಕಾನೂನು ಕೇಳುವುದು ಈ ಹೊಣೆಗೆ ತೂಕವಿರುವುದರಿಂದಲೇ.

ಜ್ಞಾನಮಕ್ಕಳಿಲ್ಲದವರು ತಮ್ಮ ಧರ್ಮಕೇಂದ್ರದ ಒಬ್ಬ ಗುರುವನ್ನೋ, ಗುರುಮಠದಲ್ಲಿ ಓದುತ್ತಿರುವ ಒಬ್ಬ ಹುಡುಗನನ್ನೋ ಆರಿಸಿಕೊಳ್ಳಬಹುದು. ಇಟಲಿಯ ಲು ಎಂಬ ಸಣ್ಣ ಊರಿನ ತಾಯಂದಿರು 1881ರಿಂದ ಪ್ರತಿ ಮಂಗಳವಾರ ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಮುಂದೆ ಸೇರಿ, ತಮ್ಮ ಮನೆಗಳಿಂದ ಗುರುಗಳೂ ಕನ್ಯಾಸ್ತ್ರೀಯರೂ ಹೊರಡಲಿ ಎಂದು ಬೇಡತೊಡಗಿದರು. ಆ ಊರಿನಿಂದ ಮುಂದೆ 300ಕ್ಕೂ ಹೆಚ್ಚು ಮಂದಿ ದೇವಸೇವೆಗೆ ಹೋದರು. ಸಂಖ್ಯೆಗೆ ಮರುಳಾಗಬೇಡಿ, ನಮ್ಮ ಕಡೆಯವರು ಗಮನಿಸಬೇಕಾದದ್ದು ಆ ಮಂಗಳವಾರವನ್ನು, ಅಂದರೆ ಹೊಲಮನೆ ಕೆಲಸಗಳ ನಡುವೆ ಅವರು ಬಿಡದೆ ಉಳಿಸಿಕೊಂಡ ಒಂದು ಗಂಟೆಯನ್ನು.

ಮೂರನೆಯ ದಾರಿ ಕಷ್ಟದ್ದು. ಯಾರೂ ಇಷ್ಟಪಡದವರನ್ನು ಆರಿಸುವುದು ಅದು. ಫ್ರಾನ್ಸಿನ ಲಿಸ್ಯೂ ಪಟ್ಟಣದ ಸಂತ ತೆರೇಸಾ 14 ವರ್ಷದ ಹುಡುಗಿಯಾಗಿದ್ದಾಗ, 1887ರಲ್ಲಿ, ಮೂವರನ್ನು ಕೊಂದು ಮರಣದಂಡನೆಗೆ ಗುರಿಯಾಗಿದ್ದ ಪ್ರಾಂಜಿನಿ ಎಂಬವನಿಗಾಗಿ ಬೇಡಿಕೊಂಡಳು. ಅವನು ಪಾಪನಿವೇದನೆ ಮಾಡಿಕೊಳ್ಳಲಿಲ್ಲ, ಆದರೆ ಕೊನೆಯ ಗಳಿಗೆಯಲ್ಲಿ ಶಿಲುಬೆಗೆ ಮುತ್ತಿಟ್ಟನೆಂದು ಪತ್ರಿಕೆಯಲ್ಲಿ ಓದಿ, ಅವನನ್ನು ತನ್ನ ಮೊದಲ ಮಗು ಎಂದು ಕರೆದಳು. ಮುಂದೆ ಕಾರ್ಮೆಲ್ ಮಠದಲ್ಲಿ ಇಬ್ಬರು ಮಿಷನರಿಗಳ ಹೊಣೆ ಅವಳಿಗೆ ಬಂದಿತು. ಮಠದ ಗೋಡೆ ದಾಟದ ಅವಳನ್ನು 1927ರಲ್ಲಿ ಧರ್ಮಸಭೆ ಮಿಷನ್ ಕಾರ್ಯಗಳ ಪಾಲಕಿಯೆಂದು ಸಾರಿತು.

ಆರಿಸಿಕೊಂಡವರಿಗೆ ಹೇಳಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಕಾಯಿಲೆಯಲ್ಲಿರುವವರಿಗೆ ಹೇಳಿದರೆ ಧೈರ್ಯ ಬರುವುದುಂಟು; ಉಳಿದವರಿಗೆ, ಅದರಲ್ಲೂ ಹರೆಯದವರಿಗೆ, ಅದು ಸಾಲದಂತೆ ಭಾರವಾಗುತ್ತದೆ.

ಬೇಡುವ ಮಾತು

ಈ ಕ್ರಮದ ಜೀವಾಳ ಇಲ್ಲಿದೆ. ಗಲಿಲೇಯದ ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿಹೋದಾಗ ಮರಿಯಮ್ಮ ತನ್ನ ಮಗನಿಗೆ ಹೇಳಿದ್ದು "ಅವರಲ್ಲಿ ದ್ರಾಕ್ಷಾರಸ ಇಲ್ಲ" ಎಂದಷ್ಟೇ. ಎಲ್ಲಿಂದ ತರಿಸು, ಎಷ್ಟು ತರಿಸು, ಯಾರ ಮೂಲಕ ತರಿಸು ಎಂದು ಆಕೆ ಹೇಳಲಿಲ್ಲ. ಮಗನ ಉತ್ತರ ಮೊದಲಿಗೆ ಒಪ್ಪಿಗೆಯಂತೆ ಕೇಳಿಸದಿದ್ದರೂ ವಾದಕ್ಕೆ ನಿಲ್ಲಲಿಲ್ಲ. ಆಳುಗಳ ಕಡೆ ತಿರುಗಿ "ಆತ ಹೇಳಿದಂತೆ ಮಾಡಿ" ಎಂದಳು. ಈ ಎರಡು ಮಾತುಗಳ ನಡುವೆಯೇ ಇಡೀ ಮಧ್ಯಸ್ಥಿಕೆ ಇದೆ: ಕೊರತೆಯನ್ನು ಮಗನಿಗೆ ಒಪ್ಪಿಸುವುದು ಒಂದು, ಆತ ಹೇಳಿದ್ದನ್ನು ನಮ್ಮ ಕೈಯಿಂದ ಮಾಡುವುದು ಇನ್ನೊಂದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಖಾನಾಪುರ ಕಡೆಯ ಒಬ್ಬ ಜ್ಞಾನತಾಯಿ ಗೋವಾದಲ್ಲಿ ಕೆಲಸಕ್ಕಿರುವ ಹುಡುಗನಿಗಾಗಿ ಬೇಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ನಾಲಿಗೆಗೆ ಮೊದಲು ಬರುವ ಪ್ರಾರ್ಥನೆ ಹೀಗಿರುತ್ತದೆ: "ಅವ್ವಾ, ಆ ಹುಡುಗ ಗೋವಾದಾಗಿನ ನೌಕರಿ ಬಿಟ್ಟು ಕ್ರಿಸ್ಮಸ್‌ದೊಳಗ ಊರಿಗೆ ಬರೂಹಂಗ ಮಾಡು, ಆ ಗೆಳ್ಯಾರ ಸಂಗ ಬಿಡಸು, ನಮ್ಮ ಅಣ್ಣನ ಮಗಳ ಜೋಡಿ ಅವನ ಲಗ್ನಾ ಆಗಲಿ." ಇದರಲ್ಲಿ ಪ್ರೀತಿಯಿಲ್ಲವೆಂದಲ್ಲ, ಆದರೆ ಹುಡುಗನ ಕೊರತೆ ಏನೆಂಬುದು ಇದರಲ್ಲಿ ಎಲ್ಲಿಯೂ ಇಲ್ಲ, ಬೇಡುವವಳ ಯೋಜನೆ ಮಾತ್ರ ಇದೆ. ಅದನ್ನೇ ಹೀಗೆ ತಿರುಗಿಸಿ ನೋಡಿ: "ಅವ್ವಾ, ಅವನ ಮನಸಿನ್ಯಾಗ ಸಮಾಧಾನ ಇಲ್ಲ. ರಾತ್ರಿ ಕುಡದು ಮಲಗತಾನ, ಮನಿಗೆ ಫೋನ್ ಮಾಡೂದ ಬಿಟ್ಟಾನ. ನಿನ್ನ ಮಗನ ಮುಂದ ಇದನ್ನ ಹೇಳು. ನಾ ಏನ ಮಾಡಬೇಕು, ಅದನ್ನ ನನಗ ತಿಳಸು." ಇಷ್ಟು ಸಾಕು. ಗ್ರಾಂಥಿಕ ಭಾಷೆಯ ಅಗತ್ಯವಿಲ್ಲ. ಮನೆಯಲ್ಲಿ ಅವ್ವನ ಜೊತೆ ಆಡುವ ಮಾತಿನಲ್ಲೇ ಹೇಳಿ.

ಕೊನೆಯ ವಾಕ್ಯವನ್ನು ಬಿಡಬಾರದು. ಕಾನಾದಲ್ಲಿ ಆರು ಕಲ್ಲಿನ ಬಾನಿಗಳಿದ್ದವು, ಒಂದೊಂದರಲ್ಲಿ ಸುಮಾರು 80ರಿಂದ 120 ಲೀಟರ್ ನೀರು ಹಿಡಿಯುತ್ತಿತ್ತು. ಅವನ್ನು ಕಂಠದವರೆಗೆ ತುಂಬಿದವರು ಆಳುಗಳು. ಎಲ್ಲವೂ ಬರಿದಾಗಿದ್ದವೆಂದು ಎಣಿಸಿದರೆ, 15 ಲೀಟರಿನ ಕೊಡದ ಲೆಕ್ಕದಲ್ಲಿ 40 ಕೊಡಗಳ ಆಸುಪಾಸು. ಇಂಡಿ, ಸಿಂದಗಿ ಕಡೆ ಬೇಸಿಗೆಯಲ್ಲಿ ನೀರು ಹೊತ್ತವರಿಗೆ ಆ ಕೆಲಸ ಎಷ್ಟು ದೊಡ್ಡದೆಂದು ಯಾರೂ ವಿವರಿಸಬೇಕಾಗಿಲ್ಲ. ಗೋವಾದ ಹುಡುಗನ ವಿಷಯದಲ್ಲಿ ಆ ನೀರು ಹೊರುವ ಕೆಲಸವೆಂದರೆ ವಾರಕ್ಕೊಮ್ಮೆ ತಾನಾಗಿ ಫೋನ್ ಮಾಡುವುದು, ಬೈಯದೆ "ಊಟ ಆತೇನಪಾ" ಎಂದು ಕೇಳುವುದು, ಕುಡಿತ ಬಿಡಿಸುವ ಆಪ್ತಸಲಹೆ ಎಲ್ಲಿ ಸಿಗುತ್ತದೆಂದು ವಿಚಾರಿಸಿಡುವುದು. ಇನ್ನೊಂದು ಸಂಗತಿ: ಆ ದ್ರಾಕ್ಷಾರಸ ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೆ ತಿಳಿದಿರಲಿಲ್ಲ, ನೀರು ತೋಡಿದ ಆಳುಗಳಿಗೆ ಮಾತ್ರ ತಿಳಿದಿತ್ತು. ಬೇಡಿದವರ ಹೆಸರು ಹೊರಗೆ ಬರಬೇಕಾಗಿಲ್ಲ ಎಂದು ನಾನು ಮೇಲೆ ಹೇಳಿದ್ದಕ್ಕೆ ಇದೂ ಆಧಾರ.

ಪರಿಹಾರವನ್ನು ನಾವೇ ಗೊತ್ತುಮಾಡಿ ಬೇಡಿದರೆ ಏನಾಗುತ್ತದೆ ಎಂಬುದಕ್ಕೆ ಸಂತ ಮೋನಿಕಮ್ಮನ ಬದುಕಿಗಿಂತ ಒಳ್ಳೆಯ ಪಾಠವಿಲ್ಲ. ಮುಂದೆ ಸಂತನಾದ ಮಗ ಅಗಸ್ಟೀನ್ ಆಫ್ರಿಕಾ ಬಿಟ್ಟು ರೋಮಿಗೆ ಹೋಗಬಾರದೆಂದು ಆಕೆ ಕಣ್ಣೀರಿಟ್ಟು ಬೇಡಿಕೊಂಡಳು. ಆತ ಆಕೆಗೆ ಸುಳ್ಳು ಹೇಳಿ, ಆಕೆ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದ ರಾತ್ರಿಯೇ ಹಡಗು ಹತ್ತಿದ. ಬೇಡಿದ್ದು ಸಿಗಲಿಲ್ಲ. ಆದರೆ ಆ ಇಟಲಿಯಲ್ಲೇ, ಮಿಲಾನಿನಲ್ಲಿ, ಧರ್ಮಾಧ್ಯಕ್ಷ ಆಂಬ್ರೋಸರ ಬೋಧನೆ ಕೇಳಿ ಆತನ ಮನಸ್ಸು ತಿರುಗಿ, 387ರ ಪಾಸ್ಕ (ಈಸ್ಟರ್) ಹಬ್ಬದಲ್ಲಿ ಜ್ಞಾನಸ್ನಾನ ಪಡೆದ. ಆ ರಾತ್ರಿ ತಾಯಿ ಕೇಳಿದ್ದನ್ನು ದೇವರು ಕೊಡದೆ, ಆಕೆ ಯಾವಾಗಲೂ ಕೇಳುತ್ತಿದ್ದುದನ್ನು ಕೊಟ್ಟರೆಂದು ಮಗನೇ ಮುಂದೆ ಬರೆದಿಟ್ಟ. ಅದಕ್ಕೆ ಮೊದಲು ಆಕೆ ಒಬ್ಬ ಧರ್ಮಾಧ್ಯಕ್ಷರ ಬಳಿಗೆ ಹೋಗಿ, ಮಗನಿಗೆ ಬುದ್ಧಿ ಹೇಳಿ ಎಂದು ಗಂಟುಬಿದ್ದಾಗ, ಅವನನ್ನು ಸದ್ಯಕ್ಕೆ ಬಿಡು, ಪ್ರಾರ್ಥನೆ ಮಾಡುತ್ತಿರು ಎಂದು ಅವರು ಹೇಳಿ ಕಳುಹಿಸಿದ್ದರು. ಇಂದಿನ ಅನೇಕ ತಾಯಂದಿರಿಗೂ ಮೊದಲು ಬೇಕಾದ ಸಲಹೆ ಅದೇ ಎಂದು ನನಗೆ ಅನ್ನಿಸುತ್ತದೆ.

ಜಪಸರದ ಒಂದು ದಶಕ

ದಿನಕ್ಕೆ ಐದೂ ದಶಕ (ಒಂದು ದಶಕವೆಂದರೆ ಹತ್ತು ನಮೋ ಮರಿಯ ಜಪ) ಹೇಳುವವರು ಹೇಳಲಿ, ಆದರೆ ಈ ಹೊಣೆಗೆ ಒಂದು ದಶಕ ಸಾಕು. ತಪ್ಪದೆ ಹೇಳಬೇಕು ಅಷ್ಟೆ. ಮೊದಲು ಶಿಲುಬೆಯ ಗುರುತು ಮಾಡಿ, ಆ ವ್ಯಕ್ತಿಯ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ, ಕೊರತೆಯನ್ನು ಮೇಲಿನಂತೆ ಎರಡು ಮೂರು ವಾಕ್ಯಗಳಲ್ಲಿ ಒಪ್ಪಿಸಿ. ನಂತರ ಕೊರತೆಗೆ ಹೊಂದುವ ರಹಸ್ಯವನ್ನು, ಅಂದರೆ ಜಪದ ಜೊತೆ ಧ್ಯಾನಿಸುವ ಯೇಸು ಮರಿಯಮ್ಮರ ಬದುಕಿನ ಒಂದು ಘಟನೆಯನ್ನು, ಆರಿಸಿಕೊಳ್ಳಿ. ಸಾಮಾನ್ಯ ರೂಢಿಯಲ್ಲಿ ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು, 2002ರಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಸೇರಿಸಿದ ಬೆಳಕಿನ ರಹಸ್ಯಗಳು ಗುರುವಾರಕ್ಕೆ. ಆದರೆ ಒಬ್ಬರಿಗಾಗಿ ಬೇಡುವಾಗ ವಾರದ ಕಟ್ಟಳೆಗಿಂತ ಸಂದರ್ಭ ಮುಖ್ಯ. ಬಸುರಿಗಾಗಿ ಬೇಡುವವರು ಮರಿಯಮ್ಮ ಎಲಿಜಬೇತಮ್ಮನ ಮನೆಗೆ ಹೋದದ್ದನ್ನು ಧ್ಯಾನಿಸಲಿ, ದಾರಿ ತಪ್ಪಿದ ಮಕ್ಕಳಿಗಾಗಿ ಬೇಡುವವರು ಬಾಲ ಯೇಸುವನ್ನು ಮೂರು ದಿನ ಹುಡುಕಿ ದೇವಾಲಯದಲ್ಲಿ ಕಂಡದ್ದನ್ನು, ಸಾಯುವ ಸ್ಥಿತಿಯಲ್ಲಿರುವವರಿಗಾಗಿ ಬೇಡುವವರು ಶಿಲುಬೆಯ ಮರಣವನ್ನು.

ನಮೋ ಮರಿಯ ಜಪದ ನಡುವೆ ಬರುವ ಯೇಸುವಿನ ಹೆಸರೇ ಅದರ ನಡುಗಂಬ. ಅಲ್ಲಿ ಒಂದು ಕ್ಷಣ ನಿಂತು, ರಹಸ್ಯಕ್ಕೆ ತಕ್ಕ ಒಂದು ಚಿಕ್ಕ ಮಾತನ್ನು ಸೇರಿಸುವ ರೂಢಿ ಕೆಲವು ಕಡೆ ಇದೆ, ಜಾನ್ ಪೌಲರೂ ಅದನ್ನು ಮೆಚ್ಚಿದ್ದರು. "ನೀನು ಹುಡುಕಿ ಕಂಡ ಯೇಸು" ಎಂಬಷ್ಟು ಸೇರಿಸಿದರೆ ಮನಸ್ಸು ಚದುರುವುದು ಕಡಿಮೆಯಾಗುತ್ತದೆ. ಕೂತು ಜಪಸರ ಹಿಡಿಯಲು ಪುರುಸೊತ್ತಿಲ್ಲದವರು ನಮ್ಮಲ್ಲಿ ಹೆಚ್ಚು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಎರಡೂ ಕೈಗೆ ಹಿಟ್ಟು ಮೆತ್ತಿರುತ್ತದೆ. ಒಂದು ರೊಟ್ಟಿ ಬಡಿದು ಹಂಚಿನ ಮೇಲೆ ಹಾಕಿ ನೀರು ಸವರುವಷ್ಟರಲ್ಲಿ ಒಂದು ನಮೋ ಮರಿಯ ನಿಧಾನವಾಗಿಯೇ ಮುಗಿಯುತ್ತದೆ, ಹತ್ತು ರೊಟ್ಟಿಗೆ ಒಂದು ದಶಕ. ಹಾಗೆ ಹೇಳಿದ್ದು ಅರ್ಧ ಜಪವೆಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ವಾರದಲ್ಲಿ ಒಮ್ಮೆಯಾದರೂ ಚರ್ಚಿನ ಬಲಿಪೂಜೆಯಲ್ಲಿ (ಮಾಸ್), ಗುರುಗಳು ಕಾಣಿಕೆಗಳನ್ನು ಅರ್ಪಿಸುವಾಗ, ಆ ವ್ಯಕ್ತಿಯನ್ನು ಮನಸ್ಸಿನಲ್ಲಿ ಪೀಠದ ಮೇಲೆ ಇಡಿ. ಅನುಕೂಲವಿದ್ದವರು ವರ್ಷಕ್ಕೊಮ್ಮೆ ಅವರ ಹೆಸರಿನಲ್ಲಿ ಪೂಜೆ ಹೇಳಿಸಬಹುದು. ಉಪವಾಸದ ವಿಷಯದಲ್ಲಿ ಅತಿ ಬೇಡ: ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ, ಅದೂ 18 ತುಂಬಿದವರಿಂದ 60ಕ್ಕೆ ಕಾಲಿಡುವವರೆಗೆ. ಸಕ್ಕರೆ ಕಾಯಿಲೆಯವರು, ಬಸುರಿಯರು, ಬಾಣಂತಿಯರು ಊಟ ಬಿಡುವ ಬದಲು ಸಂಜೆಯ ಧಾರಾವಾಹಿಯನ್ನು ಬಿಟ್ಟು ಆ ಅರ್ಧ ಗಂಟೆಯನ್ನು ಪ್ರಾರ್ಥನೆಗೆ ಕೊಟ್ಟರೆ ಸಾಕು, ಕೆಲವರಿಗೆ ಅದು ಹೆಚ್ಚು ಕಠಿಣವಾದ ತ್ಯಾಗವೂ ಹೌದು.

ಎಲ್ಲಿ ಕೆಡುತ್ತದೆ

ಚೌಕಾಸಿ ಮೊದಲನೆಯದು. ಕೆಲಸವಾದರೆ ವೇಳಾಂಕಣಿಗೆ ಬರುತ್ತೇನೆ, ಆಗದಿದ್ದರೆ ಇಲ್ಲ ಎಂಬ ಹರಕೆ ಪ್ರಾರ್ಥನೆಯನ್ನು ವ್ಯವಹಾರ ಮಾಡುತ್ತದೆ. ಯಾತ್ರೆ ಮಾಡುವ ಮನಸ್ಸಿದ್ದರೆ ಫಲ ನೋಡದೆ ಹೊರಡಿ. ಈ ಪ್ರಾರ್ಥನೆಯನ್ನು ಒಂಬತ್ತು ಜನಕ್ಕೆ ಕಳುಹಿಸದಿದ್ದರೆ ಕೇಡಾಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಸಂದೇಶಗಳಿಗೂ ಮರಿಯಮ್ಮನಿಗೂ ಸಂಬಂಧವಿಲ್ಲ, ನೋಡಿದ ಕೂಡಲೇ ಅಳಿಸಿ.

ಅದಕ್ಕಿಂತ ಸೂಕ್ಷ್ಮವಾದ ದೋಷವೆಂದರೆ ಪ್ರಾರ್ಥನೆಯ ಹೆಸರಿನ ಚಾಡಿ. ಮಹಿಳಾ ಸಂಘದ ಸಭೆಯಲ್ಲಿ "ಆಕೆಯ ಮಗಳಿಗಾಗಿ ಪ್ರಾರ್ಥನೆ ಮಾಡ್ರಿ, ಪಾಪ, ಏನಾಗೇತಿ ಗೊತ್ತೇನ" ಎಂದು ಆರಂಭವಾದ ಬಿನ್ನಹ ಚಹಾ ಮುಗಿಯುವಷ್ಟರಲ್ಲಿ ಊರ ಸುದ್ದಿಯಾಗಿರುತ್ತದೆ. ಗುಂಪಿನಲ್ಲಿ ಬೇಡುವಾಗ ಹೆಸರು ಹೇಳದೆ, ಒಂದು ಕುಟುಂಬಕ್ಕಾಗಿ ಎಂದರೆ ದೇವರಿಗೆ ತಿಳಿಯುತ್ತದೆ. ಹಾಗೆಯೇ ಗುರುಗಳಿಗಾಗಿ ಬೇಡುವವರು ಆ ಗುರುಗಳ ಸಮಯದ ಮೇಲೆ, ಆಪ್ತತೆಯ ಮೇಲೆ ಹಕ್ಕು ಸ್ಥಾಪಿಸಬಾರದು. ತಾಯಿ ಎಂಬ ಹೆಸರು ಅಡುಗೆಮನೆಯವರೆಗೆ ಹೋಗುವ ಪರವಾನಗಿಯಲ್ಲ.

ಮನೆಯಲ್ಲಿ ಹೊಡೆತ ತಿನ್ನುತ್ತಿರುವವಳಿಗೆ, ಜೀವ ಕಳೆದುಕೊಳ್ಳುವ ಮಾತಾಡುತ್ತಿರುವ ಹುಡುಗನಿಗೆ ಪ್ರಾರ್ಥನೆಯೊಂದೇ ಸಾಕೆಂದು ಕೂರುವುದು ತಪ್ಪು. ಪೊಲೀಸರನ್ನೋ ವೈದ್ಯರನ್ನೋ ಅದೇ ದಿನ ಕಾಣಬೇಕು, ಜಪ ದಾರಿಯಲ್ಲೇ ಹೇಳಬಹುದು.

ಹೊಣೆ ಮುಗಿಯುವ ಬಗೆ

ಒಂದು ಅವಧಿ ಇಟ್ಟುಕೊಂಡು ಆರಂಭಿಸುವುದು ಒಳ್ಳೆಯದು. ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬದಿಂದ ಮರುವರ್ಷದ ಅದೇ ಹಬ್ಬದವರೆಗೆ ಎಂದು ಗೊತ್ತುಮಾಡಿಕೊಂಡು, ಆ ದಿನ ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಿ. ನಡುವೆ ಕೆಲವು ದಿನ ತಪ್ಪಿದರೆ ತಪ್ಪಿದ ಜಪಗಳನ್ನು ಲೆಕ್ಕಹಾಕಿ ತೀರಿಸಬೇಕಿಲ್ಲ, ಅಂದಿನದನ್ನು ಅಂದು ಹೇಳಿದರಾಯಿತು. ನೀವು ಬೇಡುತ್ತಿದ್ದ ಗುರುಗಳಿಗೆ ಬೇರೆ ಧರ್ಮಕೇಂದ್ರಕ್ಕೆ ವರ್ಗವಾದರೆ ಪ್ರಾರ್ಥನೆ ಅವರ ಹಿಂದೆ ಹೋಗಲಿ, ಫೋನ್ ಕರೆಗಳು ಬೇಡ. ನಿಮಗೇ ಕಾಯಿಲೆಯಾಗಿ ಹೊಣೆ ಹೊರಲಾಗದಿದ್ದರೆ ನಂಬಿಕೆಯ ಇನ್ನೊಬ್ಬರಿಗೆ ಹೆಸರನ್ನಷ್ಟೇ ಹೇಳಿ ಒಪ್ಪಿಸಿ, ಕೊರತೆಯ ವಿವರ ಅವರಿಗೂ ಬೇಕಾಗಿಲ್ಲ. ಆ ವ್ಯಕ್ತಿ ತೀರಿಕೊಂಡರೆ, ಅದೇ ದಶಕವನ್ನು ಅವರ ಆತ್ಮಶಾಂತಿಗಾಗಿ ಹೇಳುತ್ತಾ ನವೆಂಬರ್ 2ರ ಸತ್ತವರ ಸ್ಮರಣೆಯ ದಿನ ಬಲಿಪೂಜೆಯಲ್ಲಿ ಅವರ ಹೆಸರನ್ನು ಸೇರಿಸಿ, ಆಮೇಲೆ ಬೇರೊಬ್ಬರನ್ನು ಆರಿಸಿಕೊಳ್ಳಬಹುದು.